ಕೈಮಾತು ನಿಂತುಹೋಯಿತು, ಆಪಾ

ಪ್ರೀತಿಯ ರಜಿಯಾ ಆಪಾ,

ನೀವು ಹೋದ ಮೇಲೆ ನಿಮಗೆ ಬರೆಯುವ ಮೊದಲ ಪತ್ರದಲ್ಲೇ ಇಂಥ ಸುದ್ದಿ ಇರಬಾರದಿತ್ತು. ನಮ್ಮ ಕೈಮಾತು ಹೋಯಿತು. ಕಿವಿ ಕೇಳದ ಮಕ್ಕಳ ತಂದೆತಾಯಿಗಳಿಗೆಂದು ನೀವು ಕಟ್ಟಿದ ಆ ವೆಬ್‌ಸೈಟ್ ಈಗ ಇಲ್ಲ. ನಯೀಮ್ ಭಾಯಿ ಪ್ರತಿ ಶುಕ್ರವಾರ ನಿಮ್ಮ ಕಬರಿನ ಹತ್ತಿರ ಹೋಗಿ ಕೂತು ಬರುತ್ತಾರೆ. ಈ ವಿಷಯ ಮಾತ್ರ ಅವರ ಬಾಯಿಂದ ಹೊರಡುತ್ತಿಲ್ಲವಂತೆ. “ನನ್ನಿಂದ ಆಗವಲ್ದು ಸುನಂದಾ, ನೀನೇ ಹೇಳು” ಎಂದರು. ಹೇಗೆ ಹೇಳಲಿ? ಅದಕ್ಕೇ ಬರೆಯಲು ಕೂತಿದ್ದೇನೆ.

ಬಸವಕಲ್ಯಾಣದ ದವಾಖಾನೆಯಲ್ಲಿ ಕಿವಿ ತಪಾಸಣೆಯ ಕ್ಯಾಂಪ್ ನಡೆದ ದಿನ ನೆನಪಿದೆಯೇ? ಹುಮನಾಬಾದಿನಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದಿದ್ದೆ, ಸಂಗುವನ್ನು ಸೊಂಟದ ಮೇಲೆ ಹೊತ್ತುಕೊಂಡು. ಮಗನಿಗೆ ಎರಡೂ ಕಿವಿ ಕೇಳುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಹೊರಗಿನ ಕಟ್ಟೆಯ ಮೇಲೆ ಕೂತು ಅಳುತ್ತಿದ್ದೆ. ನೀವು ಪಕ್ಕದಲ್ಲಿ ಕೂತು ನಿಮ್ಮ ಮಗಳು ಸಾನಿಯಾಳಿಗೆ ಪೇರಲಹಣ್ಣು ಕೊಯ್ದು ಕೊಡುತ್ತಿದ್ದಿರಿ. ಉಪ್ಪು ಬೇಕೆಂದು ಅವಳು ಎರಡು ಬೆರಳು ಉಜ್ಜಿ ಕೇಳಿದಳು. ನೀವೂ ಕೈಯಲ್ಲೇ ಏನೋ ಹೇಳಿದಿರಿ, ಅವಳು ನಕ್ಕಳು. ಆಮೇಲೆ ನನ್ನ ಕಡೆ ತಿರುಗಿ, “ಸಾಕು ಮಾಡವ್ವಾ, ಅಳಬ್ಯಾಡ. ಕೂಸು ನಿನ್ನ ಮಾರಿ ನೋಡಾಕತ್ತದ. ಅದಕ್ಕ ಮಾತೆಲ್ಲಾ ಅಲ್ಲೇ ಸಿಗಬೇಕಲ್ಲ?” ಎಂದಿರಿ. ನಾನು ಕಣ್ಣು ಒರೆಸಿಕೊಂಡೆ. ಸಂಗು ನಿಜವಾಗಿಯೂ ನನ್ನ ಮುಖವನ್ನೇ ನೋಡುತ್ತಿದ್ದ.

ಕೋಟೆಯ ಹತ್ತಿರದ ನಿಮ್ಮ ಝೆರಾಕ್ಸ್ ಅಂಗಡಿ ಆಮೇಲೆ ನನ್ನ ತವರುಮನೆಯಂತಾಯಿತು. ಟೈಪಿಂಗ್ ಕೆಲಸದ ನಡುವೆ ನೀವು ವೆಬ್‌ಸೈಟ್ ಕಟ್ಟುವುದನ್ನು ಕಲಿತಿರಿ. “ವಾಟ್ಸಾಪ್ ಗ್ರೂಪ್ ಸಾಕಲ್ಲ ಆಪಾ?” ಎಂದು ನಾನೇ ಕೇಳಿದ್ದೆ. “ಅದರಾಗ ನಿನ್ನಿ ಹಾಕಿದ್ದು ಇವತ್ತ ಸಿಗಂಗಿಲ್ಲ ಸುನಂದಾ. ಹೊಸದಾಗಿ ಬಂದ ತಾಯಿಗೆ ಹಳೇದು ಕಾಣಂಗಿಲ್ಲ. ಯಾರು ಯಾವಾಗ ಬಂದರೂ ಬಾಗಿಲು ತಗದಿರಬೇಕು” ಎಂದಿರಿ. ಹಾಗೇ ಆಯಿತು. ಮಂಠಾಳದ ಒಬ್ಬ ತಂದೆ ತನ್ನ ಮಗಳು ಎಮ್ಮೆಗೆ ಯಾವ ಸನ್ನೆ ಮಾಡುತ್ತಾಳೆ ಎಂದು ವಿಡಿಯೋ ಹಾಕಿದ. ಇನ್ನೊಬ್ಬಳು ಕಿವಿಯ ಮಶೀನು ಎಲ್ಲಿ ರಿಪೇರಿಯಾಗುತ್ತದೆ ಎಂದು ಕೇಳಿದಳು. ಕೈಸನ್ನೆಯಲ್ಲಿ ಮಗಳಿಗೆ ಮುಟ್ಟಿನ ವಿಷಯ ಹೇಗೆ ಹೇಳುವುದು ಎಂದು ಒಬ್ಬ ತಾಯಿ ಹೆಸರು ಹಾಕದೆ ಕೇಳಿದ್ದಳಲ್ಲ, ಅದಕ್ಕೆ ನೀವು ಬರೆದ ಉತ್ತರ, ಅದರ ಕೆಳಗೆ ಬೇರೆ ಬೇರೆ ಊರಿನ ತಾಯಂದಿರು ಸೇರಿಸುತ್ತ ಹೋದದ್ದು... ಅಂಥದ್ದು ಯಾವ ಪುಸ್ತಕದಲ್ಲಿ ಸಿಗುತ್ತದೆ ಆಪಾ?

ಆಗಲೂ ಸೈಟ್ ಒಮ್ಮೊಮ್ಮೆ ಬಂದ್ ಬೀಳುತ್ತಿತ್ತು. ಯಾವುದೋ ದೂರದ ಊರಿನ ಸಣ್ಣ ಹೋಸ್ಟಿಂಗ್ ಕಂಪನಿಯವರ ಸರ್ವರಿನಲ್ಲಿ ನೀವು ಜಾಗ ಬಾಡಿಗೆಗೆ ಹಿಡಿದಿದ್ದಿರಿ. ಅವರ ಮಶೀನು ನಿಂತರೆ ನಮ್ಮ ಬಾಗಿಲೂ ಮುಚ್ಚುತ್ತಿತ್ತು. ನೀವು ಸ್ಪೀಕರ್ ಹಾಕಿ ಅವರ ಜೊತೆ ಮಾತಾಡುವಾಗ ನಾನು ಅಲ್ಲೇ ಇರುತ್ತಿದ್ದೆ.

“ಬ್ಯಾಕಪ್ ಅದನೇನ್ರಿ?”

“ಇದೆ ಮೇಡಂ, ಎಲ್ಲ ಸೇಫ್ ಇದೆ.”

“ಎಲ್ಲಿ ಅದ?”

“ಇಲ್ಲೇ ಇದೆ ಮೇಡಂ.”

“ಇಲ್ಲೇ ಅಂದ್ರ ಎಲ್ಲಿ? ಅದೇ ಮಶೀನಿನಾಗೇನು?”

ಆ ಕಡೆಯವನು ನಕ್ಕು, ನೀವು ಚಿಂತೆ ಮಾಡಬೇಡಿ ಎಂದು ಫೋನ್ ಇಟ್ಟಿದ್ದ. ನೀವು ನಗಲಿಲ್ಲ, ಮೂಗಿನ ಮೇಲೆ ಜಾರಿದ ಕನ್ನಡಕವನ್ನು ಮೇಲೆ ತಳ್ಳಿದಿರಿ. ಹಾರ್ಡ್ ಡಿಸ್ಕ್ ತಂದು ಎಲ್ಲವನ್ನೂ ಅದಕ್ಕೆ ಇಳಿಸಲು ಶುರು ಮಾಡಿದಿರಿ. ಬಸವಕಲ್ಯಾಣದ ಕರೆಂಟು, ಅಂಗಡಿಯ ಆ ನೆಟ್ಟು... “ರಮಜಾನ್ ಮುಗೀಲಿ, ಛಲೋ ಜಾಗಾ ನೋಡಿ ಕೈಮಾತಿನ ಮನಿ ಬದಲಿ ಮಾಡೂಣು” ಎಂದಿರಿ. ಹಬ್ಬ ಮುಗಿಯಿತು. ಶೀರಖುರ್ಮಾದ ಡಬ್ಬಿ ನನ್ನ ಮನೆಗೆ ಬಂತು. ಅದನ್ನು ತೊಳೆದು ವಾಪಸು ಕೊಡುವ ಮೊದಲೇ ನೀವು ತಲೆನೋವು ಎಂದು ಮಲಗಿದಿರಿ. ಕಲಬುರಗಿಗೆ ಒಯ್ದರು. ಮಿದುಳಿನಲ್ಲಿ ರಕ್ತನಾಳ ಒಡೆದಿದೆ ಎಂದರು. ಮುಂದಿನದು ನಿಮಗೆ ಗೊತ್ತಿಲ್ಲ, ನಮಗೆ ಮಾತ್ರ ಗೊತ್ತು.

ನೀವಿಲ್ಲದೆಯೂ ಕೈಮಾತು ಕೆಲವು ತಿಂಗಳು ತನ್ನಷ್ಟಕ್ಕೆ ನಡೆಯಿತು. ಬಂದ ವಿಡಿಯೋಗಳನ್ನು ನೋಡಿ ಒಳಗೆ ಬಿಡುವ ಕೆಲಸ ನನ್ನದೇ ಇತ್ತಲ್ಲ, ಮಾಡುತ್ತಿದ್ದೆ. ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದಾಗ ಮಂಠಾಳದಿಂದ ಫೋನ್ ಬಂತು. “ಅಕ್ಕಾ, ಕೈಮಾತು ತೆರಿವಲ್ದು.” ಸಂಜೆಗೆ ಸರಿಹೋಗುತ್ತದೆ ಎಂದೆ. ಮರುದಿನವೂ ತೆರೆಯಲಿಲ್ಲ. ಕಂಪನಿಗೆ ಫೋನ್ ಮಾಡಿದರೆ ಹಾಡು ಕೇಳಿಸಿ ಕೇಳಿಸಿ ಕಡೆಗೆ ಒಬ್ಬ ಎತ್ತಿದ. ಖಾತೆ ಯಾರ ಹೆಸರಿನಲ್ಲಿದೆ ಎಂದ. ಅವರು ತೀರಿಕೊಂಡಿದ್ದಾರೆ ಎಂದೆ. “ಹಾಗಾದರೆ ಅವರ ಕಡೆಯಿಂದ ಒಂದು ಮೇಲ್ ಮಾಡಿಸಿ ಮೇಡಂ, ನೋಡುತ್ತೇವೆ” ಎಂದ. ಅವನು ಚೇಷ್ಟೆ ಮಾಡುತ್ತಿರಲಿಲ್ಲ ಆಪಾ. ಅವನ ಎದುರಿಗಿದ್ದ ಪರದೆ ಅಷ್ಟನ್ನೇ ಕೇಳುತ್ತಿತ್ತು ಅಷ್ಟೇ.

ಒಳಗೆ ಹೋಗಬೇಕಾದರೆ ನಿಮ್ಮ ಮೊಬೈಲಿಗೆ ಬರುವ ಒಟಿಪಿ ಬೇಕು. ನಯೀಮ್ ಭಾಯಿ ನಿಮ್ಮ ಫೋನನ್ನು ದುಪಟ್ಟಾದಲ್ಲಿ ಸುತ್ತಿ ಇಟ್ಟಿದ್ದರು. ಅದಕ್ಕೆ ರೀಚಾರ್ಜ್ ಮಾಡಿಸುತ್ತಿರಬೇಕೆಂದು ಅವರಿಗೆ ಯಾರು ಹೇಳಬೇಕಿತ್ತು? ಆ ನಂಬರು ಬೇರೆಯವರಿಗೆ ಹೋಗಿಬಿಟ್ಟಿತ್ತು. ನನ್ನ ಫೋನಿನಲ್ಲಿ ಈಗಲೂ ‘ಆಪಾ’ ಎಂದಿರುವ ಆ ಹೆಸರನ್ನು ಒತ್ತಿದೆ. ಯಾರೋ ಗಂಡಸು ಹಿಂದಿಯಲ್ಲಿ ಯಾರು ಎಂದ. ಒಟಿಪಿ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಬೈದು ಫೋನ್ ಇಟ್ಟ. ಅವನ ತಪ್ಪೇನು? ಒಟಿಪಿ ಯಾರಿಗೂ ಕೊಡಬೇಡಿ ಎಂದು ನೀವೇ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದಿರಿ. ಆಮೇಲೆ ನಯೀಮ್ ಭಾಯಿ ಫೋನ್ ತೆಗೆದುಕೊಂಡು ಮತ್ತೆ ಅದೇ ನಂಬರಿಗೆ ಹಚ್ಚಿದರು. “ಬೇಟಾ, ಈ ನಂಬರ್ ನನ್ನ ಹೆಂಡತಿಯದಿತ್ತು” ಎಂದು ಅವನ ಭಾಷೆಯಲ್ಲೇ ಹೇಳಿದರು. ಅಷ್ಟೇ ಹೇಳಿದ್ದು. ಆ ಕಡೆಯವನು ಈ ಸಲ ಫೋನ್ ಇಡಲಿಲ್ಲ. ಆಮೇಲೆ ಒಟಿಪಿಯ ಒಂದೊಂದೇ ಅಂಕಿ ಓದಿ ಹೇಳಿದ.

ಬಾಗಿಲು ತೆರೆಯಿತು, ಒಳಗೆ ಏನೂ ಇರಲಿಲ್ಲ. ಕಂಪನಿಯವರ ಸರ್ವರಿನ ಡಿಸ್ಕೇ ಸುಟ್ಟುಹೋಗಿತ್ತಂತೆ. ಬ್ಯಾಕಪ್ ಕೇಳಿದೆ. “ಇತ್ತು ಮೇಡಂ. ಅದೂ ಅದೇ ಸರ್ವರಿನಲ್ಲಿತ್ತು” ಎಂದರು. ನೀವು ಕೇಳಿದ ಪ್ರಶ್ನೆಗೆ ಅಂತೂ ಉತ್ತರ ಸಿಕ್ಕಿತು.

ನಿಮ್ಮ ಹಾರ್ಡ್ ಡಿಸ್ಕ್ ನೆನಪಾಯಿತು. ಹುಮನಾಬಾದಿನ ಕಂಪ್ಯೂಟರ್ ಅಂಗಡಿಗೆ ಒಯ್ದೆವು. ಪರದೆಯ ಮೇಲೆ ಕೈಮಾತು ಮೂಡಿದಾಗ ಸಾನಿಯಾ ನನ್ನ ತೋಳು ಹಿಡಿದು ಕುಣಿದಳು. ಎಮ್ಮೆ, ಮಳಿ, ತೋಳ, ಜ್ವರ, ಅಜ್ಜಿ. ಒಂದೊಂದು ಹೆಸರಿನ ಕೆಳಗೂ ಒಂದೊಂದು ಕಪ್ಪು ಚೌಕ. ಒತ್ತಿದರೆ ಯಾವುದೂ ನಡೆಯಲಿಲ್ಲ. ಬರಹ ಇಳಿದಿತ್ತು, ವಿಡಿಯೋಗಳು ಇಳಿಯುವ ಮೊದಲೇ ಕರೆಂಟು ಹೋಗಿರಬೇಕು. ಬರಹವೂ ಮೊದಲ ದಿನಗಳದ್ದು ಮಾತ್ರ. ಓದಲು ಬಾರದ ಮಕ್ಕಳಿಗೆ ಕೈ ಹೋಗಿ ಅಕ್ಷರ ಉಳಿದಿತ್ತು. ಸಾನಿಯಾ ಒಂದೊಂದೇ ಚೌಕ ಒತ್ತುತ್ತ ಕಡೆಯವರೆಗೂ ಹೋದಳು. ಸಾಕು ಎಂದು ಅವಳ ಕೈ ಹಿಡಿಯಲು ನನ್ನಿಂದಾಗಲಿಲ್ಲ.

ಮನೆಮನೆಗೆ ಫೋನ್ ಮಾಡಿ ಹಳೆಯ ವಿಡಿಯೋ ಇದ್ದರೆ ಕಳಿಸಿ ಎಂದೆ. ಕೆಲವು ಬಂದವು. ಬಹಳ ಜನ, “ಸೈಟಿನಾಗ ಅದ ಅಂತ ಅಳಿಸಿಬಿಟ್ವಿ ಅಕ್ಕಾ” ಎಂದರು. ನಮ್ಮನ್ನು ನಂಬಿ ಅಳಿಸಿದ್ದರು.

ಮೋರಖಂಡಿಯ ಕಾಶಮ್ಮನ ಸಂಗತಿ ಹೇಳದೆ ಈ ಪತ್ರ ಮುಗಿಸಲಾರೆ. ಕುರಿ ಕಾಯುವವರ ಮನೆಯ ಕಾಶಮ್ಮ, ಅವಳ ಮಗ ಬೀರು. ಕೈಮಾತಿನಲ್ಲಿ ತೋಳದ ಸನ್ನೆ ಮಾಡಿ ತೋರಿಸಿದ್ದ ಹುಡುಗ. ನೀವು ಹೋದ ಮೇಲೆ ಬಂದ ಮಳೆಗಾಲದಲ್ಲಿ ಅವನಿಗೆ ಹಾವು ಕಚ್ಚಿತು. ಉಳಿಯಲಿಲ್ಲ ಆಪಾ. ಅಲ್ಲಿ ನಿಮಗೆ ಸಿಕ್ಕಿದ್ದಾನೋ ಏನೋ... ಆ ವಿಡಿಯೋ ತೆಗೆದ ಅಪ್ಪನ ಫೋನು ಎಂದೋ ಬಾವಿಗೆ ಬಿದ್ದಿತ್ತು. ಕಾಶಮ್ಮ ನೆರೆಮನೆಯವರ ಮೊಬೈಲಿನಲ್ಲಿ ಕೈಮಾತು ತೆರೆಸಿ ದಿನಾ ಮಗನನ್ನು ನೋಡುತ್ತಿದ್ದಳು. ಸೈಟ್ ಹೋದ ಮೇಲೆ ಬಿಡದೆ ಫೋನ್ ಮಾಡುತ್ತಿದ್ದಳು, “ಬಂತೇನವ್ವಾ?” ಎಂದು. ಫೋನಿನಲ್ಲಿ ಹೇಳಲಾರದೆ ಅವಳ ಮನೆಗೇ ಹೋದೆ. ಹಟ್ಟಿಯ ಮುಂದೆ ಕೂತಿದ್ದಳು.

“ಇನ್ನ ಬರಂಗಿಲ್ಲ ಕಾಶಮ್ಮಾ.”

“ಬರಂಗಿಲ್ಲ ಅಂದ್ರ? ನೀವು ಅಲ್ಲಿ ಇಟ್ಟೀವಿ ಅಂದಿದ್ರಿ.”

“ಇಟ್ಟ ಮಶೀನು ಕೆಟ್ಟದ.”

“ಕೆಟ್ಟರ ರಿಪೇರಿ ಮಾಡಿಸ್ರಿ. ನಾ ಎಷ್ಟ ದಿನಾ ಆದ್ರೂ ಕಾಯ್ತೀನಿ.”

ಅವಳೇ ಎದ್ದು ನಿಂತಳು. “ಅವ ಹಿಂಗ ಮಾಡ್ತಿದ್ದ ನೋಡ್ರಿ” ಎಂದು ಎಡಗೈಯನ್ನು ಬಾಯಿಯ ಮುಂದೆ ತಂದು ಬೆರಳು ಮಡಚಿದಳು. “ಅಲ್ಲ, ಹಿಂಗಲ್ಲ. ಬಲಗೈ ಮೊದಲ... ಆಮ್ಯಾಲ ಹಿಂಗ ತಿರುವಿ...” ಮತ್ತೆ ಮಾಡಿದಳು. ಮತ್ತೆ ಅಲ್ಲ ಎಂದಳು. ಕೈಗಳು ಗಾಳಿಯಲ್ಲೇ ನಿಂತವು. “ದಿನಾ ನೋಡ್ತಿದ್ದೆನಲ್ರೀ. ನಂಗ್ಯಾಕ ಬರವಲ್ದು?” ಎಂದು ನನ್ನನ್ನೇ ಕೇಳಿದಳು. ನಾನೂ ಆ ವಿಡಿಯೋವನ್ನು ಎಷ್ಟೋ ಸಲ ನೋಡಿದ್ದೆ. ನನಗೂ ನೆನಪಾಗಲಿಲ್ಲ. ಬಸ್ಸಿನ ಹೊತ್ತಾದಾಗ ಎದ್ದು ಬಂದೆ. ಅವಳು ಇನ್ನೂ ಫೋನ್ ಮಾಡುತ್ತಾಳೆ. ನಾನು ಇನ್ನೂ ಎತ್ತುತ್ತೇನೆ.

ಈಗ ಹೊಸ ಜಾಗ ಹಿಡಿದಿದ್ದೇವೆ. ಹಿಡಿಯುವ ಮೊದಲು ನಿಮ್ಮ ಹಾಗೇ ಕಾಡಿ ಕಾಡಿ ಕೇಳಿದೆ. ಬ್ಯಾಕಪ್ ಪ್ರತಿಯನ್ನು ಎಲ್ಲಿಡುತ್ತೀರಿ, ಬೇರೆ ಊರಿನ ಮಶೀನಿನಲ್ಲೋ? ಅದನ್ನು ನಿಮ್ಮನ್ನು ಕೇಳದೆ ನಾವೇ ಇಳಿಸಿಕೊಳ್ಳಬಹುದೋ? ಇಳಿಸಿದ್ದು ಮತ್ತೆ ಏಳುತ್ತದೋ ಇಲ್ಲವೋ ಒಮ್ಮೆ ಎಬ್ಬಿಸಿ ತೋರಿಸುತ್ತೀರಾ? ನಮ್ಮಲ್ಲಿ ಒಬ್ಬರು ಸತ್ತರೆ ಕೀಲಿ ಯಾರ ಕೈಗೆ? ಕಡೆಯ ಪ್ರಶ್ನೆಗೆ ಹೊಸ ಕಂಪನಿಯ ಹೆಣ್ಣುಮಗಳು “ಇದನ್ನು ಯಾರೂ ಕೇಳಲ್ಲ ಮೇಡಂ” ಎಂದಳು. ಈಗ ಖಾತೆ ನನ್ನ, ಸಾನಿಯಾಳ, ನಯೀಮ್ ಭಾಯಿಯ ಹೆಸರಿನಲ್ಲಿದೆ. ಆದರೆ ಒಳಗಿರುವುದು ಬಹಳ ಕಡಿಮೆ. ಅಂದಿನ ಮಕ್ಕಳು ಬೆಳೆದುಬಿಟ್ಟಿದ್ದಾರೆ. ಆ ಪುಟ್ಟ ಕೈಗಳನ್ನು ಎಲ್ಲಿಂದ ತರಲಿ?

ಇನ್ನೊಂದು ಮಾತು. ಹೊಸ ಕೈಮಾತಿನ ಮೊದಲ ವಿಡಿಯೋ ಸಾನಿಯಾ ಹಾಕಿದಳು. ಬೆರಳಿನಿಂದ ಮೂಗಿನ ಮೇಲೆ ಜಾರಿದ ಕನ್ನಡಕವನ್ನು ಮೇಲೆ ತಳ್ಳಿದಂತೆ ಮಾಡುತ್ತಾಳೆ, ಆಮೇಲೆ ಆ ಅಂಗೈಯನ್ನೇ ಎದೆಗಿಡುತ್ತಾಳೆ. ಅವಳು ಕನ್ನಡಕ ಹಾಕುವುದಿಲ್ಲ. ಇದೇನು ಎಂದು ಕೇಳಿದೆ. ನಮ್ಮ ಸಂಗು ಮುಂದೆ ಬಂದು ನಿಮ್ಮ ಫೋಟೋ ತೋರಿಸಿದ. ಅದು ನಿಮ್ಮ ಹೆಸರಂತೆ ಆಪಾ. ಈ ಮಕ್ಕಳೆಲ್ಲ ಎಷ್ಟೋ ವರ್ಷದಿಂದ ತಮ್ಮತಮ್ಮಲ್ಲಿ ನಿಮ್ಮನ್ನು ಹಾಗೇ ಕರೆಯುತ್ತಿದ್ದರಂತೆ. ದೊಡ್ಡವರಾದ ನಮಗೆ ಯಾರಿಗೂ ಗೊತ್ತಿರಲಿಲ್ಲ, ನಿಮಗೂ.

ಆ ವಿಡಿಯೋವನ್ನು ನನಗೆ ಗೊತ್ತಿರುವ ಕಡೆಯಲ್ಲೆಲ್ಲ ಉಳಿಸಿಟ್ಟಿದ್ದೇನೆ. ಆದರೂ ದಿನಾ ಬೆಳಿಗ್ಗೆ ಎದ್ದ ಕೂಡಲೇ ಮೊದಲು ಸೈಟ್ ಒತ್ತಿ, ನೀವು ಇದ್ದೀರೋ ಇಲ್ಲವೋ ಎಂದು ನೋಡುತ್ತೇನೆ.

ನಿಮ್ಮ
ಸುನಂದಾ