ಲೈಟ್ ಆರಿಸುವ ಮೆಷಿನ್

ಹಲಸೂರು, ೨೦೦೭

ಪ್ರೀತಿಯ ತಮ್ಮ ಮುನಿರಾಜು,

ನಮ್ಮ ಕಾರು ಕೊಂಡುಕೊಳ್ಳಲು ಭಾನುವಾರ ಬರುತ್ತೀಯಂತೆ. ಇಂಜಿನ್ ಕೆಟ್ಟಿದೆ ಎಂದು ಅದರಲ್ಲಿ ಹಳದಿ ಲೈಟ್ ಹತ್ತುತ್ತಿತ್ತು. ಮನೆಯಲ್ಲೇ ಪರೀಕ್ಷಿಸುವ ಮೆಷಿನ್ ತರಲು ನಿನ್ನ ಭಾವನ ಜೊತೆ ಶಿವಾಜಿನಗರಕ್ಕೆ ಹೋಗಿದ್ದೆ. ಅಂಗಡಿಯವನು ಎರಡು ತೋರಿಸಿದ.

"ಇದು ಏನು ಕೆಟ್ಟಿದೆ ಅಂತ ಹೇಳತ್ತೆ ಸಾರ್. ಅದು ಬರೀ ಲೈಟ್ ಆರಿಸತ್ತೆ."

"ಆರಿಸೋದೇ ಕೊಡಿ, ಕಾರು ತಗೊಳೋನು ನಮ್ಮ ಬಾಮೈದ" ಎಂದು ನಿನ್ನ ಭಾವ ನಕ್ಕರು. ಆ ಮುಖ ನೋಡಲು ನನಗೆ ಹೇಸಿಗೆಯಾಯಿತು. ಈಗ ದಿನಾ ಬೆಳಿಗ್ಗೆ ಲೈಟ್ ಆರಿಸಿ, ಕಾರಿಗೆ ಊದುಬತ್ತಿ ಬೆಳಗುತ್ತಾರೆ.

ಬರುವಾಗ ಏನು ಕೆಟ್ಟಿದೆ ಅಂತ ಹೇಳುವ ಆ ಮೊದಲನೇ ಮೆಷಿನ್ ಶಿವಾಜಿನಗರದಿಂದ ಕೊಂಡು ತಾ. ಕೆ.ಆರ್. ಪುರದವರೆಗೆ ಓಡಿಸಿದರೆ ಲೈಟ್ ತಾನೇ ಹತ್ತುತ್ತದೆ, ಆಗ ಹಾಕಿ ನೋಡು.

ಕೀ ಕೊಡುವಾಗ ನಾನು ಆರತಿ ತಟ್ಟೆ ಹಿಡಿದು ನಿಲ್ಲಬೇಕಂತೆ. ನಿಲ್ಲುತ್ತೇನೆ. ನೀನು ಕೆ.ಆರ್. ಪುರದಿಂದ ವಾಪಸ್ ಬರುವ ತನಕ ಕರ್ಪೂರ ಹಚ್ಚುವುದಿಲ್ಲ.

ನಿನ್ನ ಅಕ್ಕ,
ಪ್ರಮೀಳಾ