ದಳವಾಯಿಯ ತಾಲೀಮು

ಬುಧವಾರ, ತಾರೀಖು ಹದಿನಾರು
ಮಧ್ಯಾಹ್ನ

ನನ್ನ ಸೂಜಿಮಲ್ಲಿಗೆಗೆ,

ಈ ಕಾಗದವನ್ನು ನಿಂತುಕೊಂಡು ಓದಬೇಡ, ಕೂತುಕೋ. ಪಕ್ಕದಲ್ಲಿ ನಿನ್ನ ತಂಗಿ ಇದ್ದರೆ ಅವಳಿಗೂ ಓದಿ ಹೇಳು, ಅಡ್ಡಿಯಿಲ್ಲ. ಭಾವ ಬುರುಡೆ ಬಿಡುತ್ತಾನೆ ಅಂತ ಇಪ್ಪತ್ತೇಳು ವರ್ಷದಿಂದ ಹೇಳಿಕೊಂಡು ಬಂದವಳು, ಇವತ್ತು ಅವಳಿಗೆ ನನ್ನ ಕೈಬರಹದಲ್ಲೇ ಸಾಕ್ಷಿ ಸಿಗಲಿ.

ಹಿಂದಿನ ಮೂರು ಕಾಗದಗಳಲ್ಲಿ ನಾನು ಬರೆದದ್ದೆಲ್ಲ ಸುಳ್ಳು. ದಳವಾಯಿ ಕೂರು ಅಂದರೆ ಕೂರುತ್ತಾನೆ, ನಿಲ್ಲು ಅಂದರೆ ನಿಲ್ಲುತ್ತಾನೆ, ಎದುರಿಗೆ ಬ್ಯಾಂಡ್‌ಸೆಟ್ಟೇ ಬಂದರೂ ಕಣ್ಣು ಮಿಟುಕಿಸುವುದಿಲ್ಲ ಅಂತ ಬರೆದಿದ್ದೆ. ನೀನು ನಂಬಿ, ಈ ಭಾನುವಾರ ಬಂದು ಅವನನ್ನು ಕರೆದುಕೊಂಡು ಹೋಗುತ್ತೇನೆ ಅಂತ ಬರೆದೆ. ಬಸ್ಸಿನ ಹೊತ್ತನ್ನೂ ಬರೆದೆ. ಆ ಕಾಗದವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಈಗ ಕೇಳು. ಹೋದ ಶುಕ್ರವಾರ ಅವನು ಮನುಷ್ಯನನ್ನು ಕಚ್ಚಿದ. ಕೆಳಗಿನ ಮನೆಯ ಗಡಿಯಾರ ರಿಪೇರಿಯವರನ್ನು. ಬಲಗೈ ಹೆಬ್ಬೆರಳು, ಆರು ಹೊಲಿಗೆ.

ತಪ್ಪು ನಾಯಿಯದಲ್ಲ. ಅದನ್ನು ಹೇಳುವುದಕ್ಕೇ ಈ ಕಾಗದ.

ನೀನು ಹೋಗುವ ದಿನ ಬಾಗಿಲಲ್ಲಿ ನಿಂತು, ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸುತ್ತಾ ಹೇಳಿದ್ದು ಎರಡೇ ಮಾತು. "ತಂಗಿ ಮನೇಲಿ ಮಗು ಈಗ ತಾನೇ ಗೋಡೆ ಹಿಡ್ಕೊಂಡು ನಡೀತಿದೆ. ನಮ್ಮ ಪುಟ್ಟ ಯಾರನ್ನ ಕಂಡ್ರೂ ಹಾರದ ಹಾಗೆ ಆದ ದಿನ ಬರೀರಿ, ಬಂದು ಕರ್ಕೊಂಡು ಹೋಗ್ತೀನಿ." ನಾಯಿಗೆ ನಾನಿಟ್ಟ ದಳವಾಯಿ ಅನ್ನುವ ಹೆಸರೂ ಇಲ್ಲ, ನನ್ನ ಬಗ್ಗೆ ಒಂದಕ್ಷರವೂ ಇಲ್ಲ. ನಾನೋ, ನಾಲ್ಕು ಸಾಲು ಕೊಟ್ಟರೆ ನಾಟಕದ ಒಂದು ಅಂಕವನ್ನೇ ಕಟ್ಟಿಕೊಳ್ಳುವವನು. ಇಂಥ ಹುಚ್ಚುಮುಂಡೇದನ್ನು ತಿದ್ದಿದವನು ತನ್ನನ್ನೂ ತಿದ್ದಿಕೊಂಡಿರಬೇಕು ಅಂತ ನೀನು ಅಂದುಕೊಳ್ಳುತ್ತೀ, ಚೀಲ ಕೆಳಗಿಡುತ್ತೀ, ಪರದೆ ಬೀಳುತ್ತದೆ. ಇದು ನಾನು ಹೆಣೆದ ಕಡೇ ದೃಶ್ಯ. ನಾಯಿಯನ್ನು ಪಳಗಿಸಿದ್ದು ನಾಯಿಗೋಸ್ಕರ ಅಲ್ಲ.

ಪಳಗಿಸುವುದು ಅಂದರೆ ನನಗೆ ಗೊತ್ತಿದ್ದದ್ದು ಒಂದೇ, ತಾಲೀಮು. ನಾಟಕ ಕಂಪನಿಯಲ್ಲಿ ನಮ್ಮ ಮೇಷ್ಟ್ರು, ಮಾತು ತಪ್ಪಿದ ನಟನನ್ನು ಮನೆಗೆ ಕಳಿಸುತ್ತಿರಲಿಲ್ಲ. ತಪ್ಪಿದ ಕಡೆಯಿಂದಲೇ ಮತ್ತೆ, ಮತ್ತೆ, ಇನ್ನೊಮ್ಮೆ. ನಾನೂ ಹಾಗೇ ಮಾಡಿದೆ. ಗಡಿಯಾರದವರು ದಿನಾ ಬೆಳಗ್ಗೆ ಏಳಕ್ಕೆ ತಮ್ಮ ಬಿಳಿ ಮುದಿ ನಾಯಿಯನ್ನು ತಿರುಗಾಡಿಸಿಕೊಂಡು ಮೆಟ್ಟಿಲ ಬುಡಕ್ಕೆ ಬರುತ್ತಾರಲ್ಲ, ಏಳಕ್ಕೆ ಐದು ನಿಮಿಷವಿರುವಾಗಲೇ ನಾನು ದಳವಾಯಿಯನ್ನು ಅಲ್ಲಿ ನಿಲ್ಲಿಸುತ್ತಿದ್ದೆ. ಬಿಳಿ ಮುದುಕಿ ತಿರುವಿನಲ್ಲಿ ಕಾಣಿಸಿದ್ದೇ ತಡ, ಇವನು ಹಿಂಗಾಲ ಮೇಲೆ ಎದ್ದು, ಬೆಲ್ಟು ಕತ್ತು ಒತ್ತಿ, ಗಂಟಲು ಹರಿಯುವ ಹಾಗೆ ಬೊಗಳುತ್ತಿದ್ದ. ನಾನು ಹೊಟ್ಟೆಯಿಂದ ಉಸಿರು ತಂದು ಕೂರು ಅನ್ನುತ್ತಿದ್ದೆ. ಕಡೇ ಬೆಂಚಿನವನಿಗೂ ಕೇಳುವ ಕೂರು. ಎರಡನೇ ಮಹಡಿಯಲ್ಲಿ ಮನೆ ಓನರಮ್ಮ ಕಾಫಿ ಲೋಟ ಹಿಡಿದುಕೊಂಡೇ ಕೂತುಬಿಟ್ಟರಂತೆ. ಹೀಗೆ ನಲವತ್ತು ದಿನ, ಒಂದು ದಿನವೂ ತಪ್ಪಿಸದೆ. ನಿನಗೆ ಮೊದಲ ಸುಳ್ಳು ಬರೆದದ್ದು ಇಪ್ಪತ್ತೆರಡನೇ ದಿನ.

ಆಮೇಲೆ ಅವನು ಗಂಟಲು ಕೆಡಿಸಿಕೊಂಡು ಊಟ ಬಿಟ್ಟ. ನಾಯಿ ಡಾಕ್ಟರ ಹತ್ತಿರ ಹೊತ್ತುಕೊಂಡು ಹೋದೆ. ಅಲ್ಲಿ ಕಾಂಪೌಂಡರಮ್ಮ ಒಬ್ಬರಿದ್ದಾರೆ, ನನ್ನ ಎದೆಮಟ್ಟಕ್ಕೂ ಬರದ ಹೆಂಗಸು. ಆಸ್ಪತ್ರೆ ಹಿಂದಿನ ಹಳೇ ಸೈಕಲ್ ಸ್ಟ್ಯಾಂಡಿನಲ್ಲಿ ಹೆದರಿದ ನಾಯಿಗಳಿಗೆ ಪಾಠ ಹೇಳುತ್ತಾರೆ. ಮಾತು ಎಷ್ಟು ಮೆತ್ತಗೆ ಅಂದರೆ ನಾನು ಸೊಂಟ ಬಗ್ಗಿಸಿ ಕಿವಿ ಕೊಡಬೇಕು. ನನ್ನ ತಾಲೀಮಿನ ಕಥೆಯನ್ನೆಲ್ಲ ಕೇಳಿದರು. ನಗಲಿಲ್ಲ, ಬೈಯಲಿಲ್ಲ.

"ಸರ್, ನಲವತ್ತು ದಿನ ನೀವು ಇವನಿಗೆ ಬೊಗಳೋದನ್ನೇ ತಾಲೀಮು ಮಾಡಿಸಿದೀರಿ. ಚೆನ್ನಾಗಿ ಕಲ್ತಿದಾನೆ."

ಸೂಜಿಮಲ್ಲಿಗೆ, ನಾನು ರಂಗದ ಮೇಲೆ ನೂರಾರು ಸಲ ಸತ್ತಿದ್ದೇನೆ, ಕತ್ತಿಯಿಂದ, ವಿಷದಿಂದ, ಒಂದು ಸಲ ಮೇಲಿಂದ ಬಿದ್ದ ದೀಪದಿಂದ ನಿಜವಾಗಿಯೂ ಸಾಯುವುದರಲ್ಲಿದ್ದೆ. ಒಂದು ಸಲವೂ ಇಷ್ಟು ಸದ್ದಿಲ್ಲದೆ ಯಾರೂ ನನ್ನನ್ನು ಕೊಂದಿರಲಿಲ್ಲ.

ಅವರ ಪಾಠ ಬೇರೆಯೇ. ಗಡಿಯಾರದವರನ್ನು ಒಪ್ಪಿಸಿ ಬಿಳಿ ಮುದುಕಿಯನ್ನು ಒಂದು ತುದಿಯಲ್ಲಿ ಕೂರಿಸಿದರು. ಅಲ್ಲಿಂದ ನಲವತ್ತು ಹೆಜ್ಜೆಗೆ ನೆಲದ ಮೇಲೆ ಸೀಮೆಸುಣ್ಣದ ಗೆರೆ. ಆ ಗೆರೆಯಲ್ಲಿ ನಿಂತರೆ ದಳವಾಯಿಗೆ ಮುದುಕಿ ಕಾಣುತ್ತಾಳೆ, ಆದರೆ ಎದೆ ಹಾರುವುದಿಲ್ಲ. ಅವನು ಅವಳನ್ನು ನೋಡಿ, ತಾನಾಗಿಯೇ ಮುಖ ತಿರುಗಿಸಿ ನಮ್ಮನ್ನು ನೋಡಿದರೆ ಬೇಯಿಸಿದ ಕೋಳಿಯ ಒಂದು ಚೂರು. ಅಷ್ಟೇ ಪಾಠ. ಮೂರು ದಿನಕ್ಕೊಮ್ಮೆ, ಅವನು ಒಪ್ಪಿದರೆ, ಒಂದು ಹೆಜ್ಜೆ ಮುಂದೆ. ಒಪ್ಪದಿದ್ದರೆ ಎರಡು ಹೆಜ್ಜೆ ಹಿಂದೆ. ನನಗೆ ಮಾತಾಡುವ ಪಾತ್ರವೇ ಇಲ್ಲ. ಪಿಸುಗುಟ್ಟಿ ಅಂದರು. ಪಿಸುಗುಟ್ಟಿದೆ. ಸರ್, ಇದು ಪಿಸುಮಾತಲ್ಲ, ಆಚೆ ಬೀದಿ ನಾಯಿಯೂ ಕೂತ್ಕೊಂಡಿರತ್ತೆ ಅಂದರು. ಕಂಪನಿಯಲ್ಲಿ ನನಗೆ ಕಲಿಸಿದ ಪಿಸುಮಾತು ಗ್ಯಾಲರಿಗೆ ಮುಟ್ಟುವ ಪಿಸುಮಾತು, ಇನ್ನೊಂದು ಥರದ್ದು ಇದೆ ಅಂತಲೇ ನನಗೆ ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು.

ಅವರು ನನಗೆ ನಾಯಿಯ ಮುಖ ಓದುವುದನ್ನೂ ಹೇಳಿಕೊಟ್ಟರು. ನಿದ್ದೆ ಇಲ್ಲದೆ ಆಕಳಿಸಿದರೆ ಅದು ಆಕಳಿಕೆಯಲ್ಲ, ಭಯ. ತಿನ್ನುವುದೇನೂ ಇಲ್ಲದಾಗ ತುಟಿ ನೆಕ್ಕಿಕೊಂಡರೆ ಅದೂ ಭಯ. ಕರೆದಾಗ ಮುಖವನ್ನು ಗೋಡೆ ಕಡೆ ತಿರುಗಿಸಿ ನಿಂತರೆ ಅದು ಉದ್ಧಟತನವಲ್ಲ, ಇನ್ನು ಸಾಕು ಅಂತ ಕೇಳಿಕೊಳ್ಳುವುದು. ನಾನು ತಲೆ ಅಲ್ಲಾಡಿಸುತ್ತಾ ಕೇಳುತ್ತಿದ್ದೆ. ಮನೆಗೆ ಬಂದು ಚಪ್ಪಲಿ ಬಿಡುವಾಗ, ಕಿಟಕಿ ಪಕ್ಕದ ನಿನ್ನ ಹೊಲಿಗೆ ಮೆಷಿನ್ನು ಕಂಡಿತು. ನಾನು ಕೂಗಾಡುವಾಗಲೆಲ್ಲ ನೀನು ಅದರ ಮುಂದೆ ಕೂತು, ಗೋಡೆ ಕಡೆ ಮುಖ ಮಾಡಿ, ಕೈಯಲ್ಲಿ ದಾರವೇ ಇಲ್ಲದೆ ಸೂಜಿಯ ಕಣ್ಣು ಹುಡುಕುತ್ತಿದ್ದೆಯಲ್ಲ. ನಾನು ಅದನ್ನು ಅಹಂಕಾರ ಅಂದಿದ್ದೆ. ಓನರಮ್ಮನ ಎದುರಿಗೇ ಅಂದಿದ್ದೆ. ಚಪ್ಪಲಿ ಬಿಚ್ಚುವುದನ್ನು ಅರ್ಧಕ್ಕೇ ನಿಲ್ಲಿಸಿ ಹೊಸ್ತಿಲ ಮೇಲೆ ಕೂತುಬಿಟ್ಟೆ. ದಳವಾಯಿ ಬಂದು ನನ್ನನ್ನು ದೂರದಿಂದ ಮೂಸಿ ವಾಪಸ್ಸು ಮಂಚದ ಕೆಳಗೆ ಹೋದ.

ಈಗಲೂ ಅವನು ಮಂಚದ ಕೆಳಗೇ ಇದ್ದಾನೆ. ಮೂಗಿನ ತುದಿ ಮಾತ್ರ ಕಾಣುತ್ತದೆ. ನಾನು ಕಾಗದ ತಿರುಗಿಸಿದ ಸದ್ದಿಗೂ ಒಳಕ್ಕೆ ಎಳೆದುಕೊಳ್ಳುತ್ತಾನೆ.

ಐವತ್ತೈದು ದಿನಕ್ಕೆ ನಲವತ್ತರಿಂದ ಇಪ್ಪತ್ತೇಳು ಹೆಜ್ಜೆಗೆ ಬಂದಿದ್ದೆವು. ಕಾಂಪೌಂಡರಮ್ಮ ಖುಷಿಯಾಗಿದ್ದರು, ಇನ್ನೊಂದು ವರ್ಷ ಹೀಗೇ ಹೋಗಲಿ ಅಂದರು. ಆ ಹೊತ್ತಿಗೆ ನಿನ್ನ ಕಾಗದ ಬಂತು, ಭಾನುವಾರ ಅಂತ. ಇಪ್ಪತ್ತೇಳು ಹೆಜ್ಜೆ ದೂರದಲ್ಲಿ ನಿಂತ ನಾಯಿಯನ್ನು ಯಾವ ಹೆಂಡತಿ ನೋಡಿ ಬೆರಗಾಗುತ್ತಾಳೆ? ನನ್ನ ಒಳಗಿನ ರಾಜ ಎದ್ದು ಕಿರೀಟ ಕೇಳಿದ.

ಕಂಪನಿಯ ರೂಢಿ ನಿನಗೆ ಗೊತ್ತೇ ಇದೆ. ಹೊಸ ನಾಟಕಕ್ಕೆ ಮುಂಚೆ ನಾಲ್ಕು ಜನರನ್ನು ಕರೆದು ವೇಷ ಸಮೇತ ಒಂದು ಗ್ರ್ಯಾಂಡ್ ರಿಹರ್ಸಲ್. ಮಧ್ಯೆ ಎಲ್ಲಿ ಚಪ್ಪಾಳೆ ಬೀಳಬೇಕೋ ಅಲ್ಲಿ ತಟ್ಟಲು ನಮ್ಮವನೇ ಒಬ್ಬ ಆಳು. ಅವನು ಶುರು ಮಾಡಿದರೆ ಮಿಕ್ಕವರು ತಾವಾಗಿ ತಟ್ಟುತ್ತಾರೆ. ಶುಕ್ರವಾರ ಸಂಜೆ, ಕಾಂಪೌಂಡರಮ್ಮನಿಗೆ ಹೇಳದೆ, ನಾನು ಮೆಟ್ಟಿಲ ಬುಡದಲ್ಲಿ ಅದೇ ಏರ್ಪಾಟು ಮಾಡಿದೆ. ಓನರಮ್ಮನಿಗೆ ಕುರ್ಚಿ ಹಾಕಿದೆ. ಗಡಿಯಾರದವರಿಗೆ, ಮುದುಕಿಯನ್ನು ಕರೆದುಕೊಂಡು ಮೂರು ಹೆಜ್ಜೆಯವರೆಗೆ ಬನ್ನಿ, ದಳವಾಯಿ ಕೂತ ತಕ್ಷಣ ಚಪ್ಪಾಳೆ ನೀವೇ ಶುರು ಮಾಡಿ ಅಂದೆ. ಪಾಪ, ಅವರು ನಾಟಕದ ಆಸೆ ಇದ್ದ ಮನುಷ್ಯ. ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದಿದ್ದರು.

ಅವನು ಬೊಗಳಲಿಲ್ಲ ಕಣೇ. ಮುದುಕಿ ಹತ್ತು ಹೆಜ್ಜೆಗೆ ಬಂದಳು, ಐದಕ್ಕೆ ಬಂದಳು, ಮೂರಕ್ಕೆ ಬಂದಳು. ಬಾಯಿ ಬಿಡಬೇಡ ಅಂತ ಹಿಂದಿನ ನಾಲ್ಕು ದಿನ ನಾನು ಮನೆಯೊಳಗೆ ಗದರಿಸಿ ಗದರಿಸಿ ಅವನ ಬಾಯಿ ಕಟ್ಟಿದ್ದೆ. ಕೂತ. ಆಕಳಿಸಿದ, ಒಂದಲ್ಲ ಎರಡು ಸಲ. ತುಟಿ ನೆಕ್ಕಿಕೊಂಡ. ಮುಖವನ್ನು ಗೋಡೆ ಕಡೆ ತಿರುಗಿಸಿದ. ಮೂರನ್ನೂ ನೋಡಿದೆ, ಮೂರರ ಅರ್ಥವೂ ಗೊತ್ತಿತ್ತು. ಇದು ಮೊದಲ ಪ್ರವೇಶದ ನಡುಕ, ಒಳ್ಳೇ ನಟರಿಗೆಲ್ಲ ಇರುವುದೇ ಅಂತ ನನಗೆ ನಾನೇ ಹೇಳಿಕೊಂಡು ಗಡಿಯಾರದವರಿಗೆ ಕಣ್ಸನ್ನೆ ಮಾಡಿದೆ. ಅವರು ಬಗ್ಗಿ, ಅವನ ಮುಖದ ಹತ್ತಿರವೇ, ಮನಸ್ಸು ಪೂರ್ತಿಯಾಗಿ ಚಪ್ಪಾಳೆ ತಟ್ಟಿದರು.

ಬೊಗಳುವ ನಾಯಿ ಕಚ್ಚುವುದಿಲ್ಲ ಅಂತ ಗಾದೆ. ಬೊಗಳುವುದನ್ನು ನಾನು ನಿಲ್ಲಿಸಿಬಿಟ್ಟಿದ್ದೆನಲ್ಲ.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕುವಾಗ ಗಡಿಯಾರದವರು ನನ್ನನ್ನೇ ಸಮಾಧಾನ ಮಾಡಿದರು. ಬಿಡಿ ಸ್ವಾಮಿ, ಮೂವತ್ತೆಂಟು ವರ್ಷ ಈ ಬೆರಳು ಓಡುವ ಮುಳ್ಳುಗಳ ಜೊತೆಗೇ ಇತ್ತು, ಒಂದು ತಿಂಗಳು ನಿಂತಿರಲಿ ಅಂದರು. ಚಿಮಟ ಹಿಡಿಯುವ ಹೆಬ್ಬೆರಳು. ಒಂದು ತಿಂಗಳಲ್ಲಿ ಸರಿಹೋಗುತ್ತದೆ ಅಂತ ಡಾಕ್ಟರು ಹೇಳಲಿಲ್ಲ, ಅವರೇ ಹೇಳಿಕೊಂಡದ್ದು. ಓನರಮ್ಮ ಮಾತ್ರ ನೇರವಾಗಿ ಹೇಳಿದರು: ಶನಿವಾರದೊಳಗೆ ನಾಯಿ ಹೋಗಬೇಕು, ಇಲ್ಲದಿದ್ದರೆ ನೀವು ಹೋಗಬೇಕು, ಎರಡೂ ಹೋದರೆ ಇನ್ನೂ ಅನುಕೂಲ.

ಕಾಂಪೌಂಡರಮ್ಮ ಬಂದು ನೋಡಿದರು. ನಡೆದದ್ದನ್ನು ಹೇಳಿದೆ. ಆಮೇಲೆ ಬೆಲ್ಟನ್ನು ನನ್ನ ಕೈಯಿಂದ ತೆಗೆದುಕೊಂಡು ಅವನನ್ನು ಬೀದಿಗೆ ಕರೆದುಕೊಂಡು ಹೋದರು. ನಾನು ಮೆಟ್ಟಿಲ ಗೋಡೆಯ ಹಿಂದೆ ನಿಂತು ಇಣುಕಿದೆ. ಎದುರಿನ ಫುಟ್‌ಪಾತಿನಲ್ಲಿ ಯಾವುದೋ ಕಂದು ನಾಯಿ ಹಾದುಹೋಯಿತು. ದಳವಾಯಿ ನೋಡಿದ, ಮುಖ ತಿರುಗಿಸಿದ, ಅವರನ್ನು ನೋಡಿದ, ನಡೆದ. ಬೆಲ್ಟು ಅವರ ಕೈಯಲ್ಲಿ ಜೋಲಾಡುತ್ತಿತ್ತು. ನನ್ನ ಕೈಯಲ್ಲಿ ಅದು ಯಾವತ್ತೂ ಜೋಲಾಡಿದ್ದಿಲ್ಲ.

ಮಗು ಇರುವ ಮನೆಗೆ ಈ ನಾಯಿ ಇನ್ನು ಯಾವತ್ತೂ ಆಗುವುದಿಲ್ಲ ಅಂತ ಅವರು ಹೇಳಿದರು. ನಾನು ಕೇಳಿದ್ದು ಒಂದೇ ಸಲ, ಅವರು ಹೇಳಿದ್ದೂ ಒಂದೇ ಸಲ. ಊರಾಚೆ ನೀರಿನ ಪಂಪ್‌ಹೌಸಿನಲ್ಲಿ ಅವರ ಅಣ್ಣ ಒಬ್ಬರೇ ಕಾವಲಿದ್ದಾರಂತೆ. ಸುತ್ತ ಬೇಲಿ, ಜನ ಇಲ್ಲ, ಅಣ್ಣ ವಾರಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಅಲ್ಲಿಗೆ ಕಳಿಸುವುದು ಅಂತ ಆಗಿದೆ. ಶನಿವಾರ ಬೆಳಗ್ಗೆ ಬಂದು ಕರೆದುಕೊಂಡು ಹೋಗುತ್ತಾರೆ.

ಹಾಗಾಗಿ ಭಾನುವಾರ ಬರಬೇಡ. ಕರೆದುಕೊಂಡು ಹೋಗಲು ಏನೂ ಇರುವುದಿಲ್ಲ. ಒಂದು ಸಲ ಕಣ್ತುಂಬ ನೋಡಬೇಕು ಅನಿಸಿದರೆ ಶುಕ್ರವಾರವೇ ಬಾ. ಈ ಕಾಗದ ನಾಳೆ ನಿನ್ನ ಕೈ ಸೇರುತ್ತದೆ. ಶುಕ್ರವಾರದ ಮಧ್ಯಾಹ್ನದ ಬಸ್ಸಿಗೆ ಜಾಗ ಸಿಗುತ್ತದೆ, ವಿಚಾರಿಸಿದ್ದೇನೆ. ಮಂಚದ ಕೆಳಗಿನಿಂದ ಅವನು ನಿನ್ನ ಮೆಷಿನ್ನಿನ ಕಡೆಯೇ ನೋಡುತ್ತಾ ಮಲಗಿದ್ದಾನೆ.

ಒಂದು ಮಾತು ಬಾಕಿ ಇದೆ. ಕಡೇ ವರ್ಷ ನೀನು ನನಗೆ ಎದುರು ಮಾತಾಡುವುದನ್ನು ನಿಲ್ಲಿಸಿದೆ. ಅಂತೂ ಮನೆಯಲ್ಲಿ ಜಗಳ ಮುಗಿಯಿತು ಅಂತ ನಾನು ಕಂಪನಿಯವರಿಗೆಲ್ಲ ಟೀ ಕೊಡಿಸಿದ್ದೆ.

ನಿನ್ನ,
ಗುಡುಗಪ್ಪ

ಮರೆತದ್ದು: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಮಂಚದ ಕೆಳಗೆ ಅವನಿಲ್ಲ. ಶನಿವಾರ ಅನ್ನುವುದೂ ಸುಳ್ಳು. ಕಾಂಪೌಂಡರಮ್ಮ ಇವತ್ತು ಬೆಳಗ್ಗೆಯೇ ಬಂದು ಕರೆದುಕೊಂಡು ಹೋದರು. ನಾಯಿ ಇದೆ ಅಂದರೆ ನೀನು ಶುಕ್ರವಾರ ಬರುತ್ತೀ ಅಂತ ಹಾಗೆ ಬರೆದೆ. ಬರಬೇಡ. ಶುಕ್ರವಾರವೂ ಬೇಡ, ಭಾನುವಾರವೂ ಬೇಡ. ಹೊರಡುವಾಗ ಅವನು ಮಂಚದ ಕೆಳಗಿನಿಂದ ಬರಲೊಲ್ಲ. ದಳವಾಯಿ ಅಂತ ಕರೆಯಲಿಲ್ಲ ನಾನು. ನೆಲದ ಮೇಲೆ ಮಲಗಿ, ನೀನು ಕರೆಯುತ್ತಿದ್ದ ಹಾಗೆ, ಪುಟ್ಟ ಅಂದೆ. ನನಗೇ ಕೇಳಿಸದಷ್ಟು ಮೆತ್ತಗೆ ಬಂತು, ಹೇಗೆ ಬಂತೋ. ತಕ್ಷಣ ಬಾಲ ಅಲ್ಲಾಡಿಸುತ್ತಾ ಹೊರಗೆ ಬಂದ, ನನ್ನನ್ನು ದಾಟಿ ನಿನ್ನ ಮೆಷಿನ್ನಿನ ಹತ್ತಿರ ಓಡಿದ, ಸ್ಟೂಲಿನ ಸುತ್ತ ಮೂಸಿದ, ಬಾಗಿಲ ಹಿಂದೆ ನೋಡಿದ, ಅಡುಗೆಮನೆಗೆ ಹೋಗಿ ಬಂದ. ಆ ದನಿ ನನ್ನದು ಅಂತ ಅವನಿಗೆ ಗೊತ್ತಾಗಲೇ ಇಲ್ಲ.