ಅಕ್ಕ ಸುಮ್ಮನೆ ಕೂತಿದ್ದಾಳೆ

ಪ್ರಖ್ಯಾತ್,

ನೀನು ಸ್ನಾನಕ್ಕೆ ಹೋಗಿದ್ದೀ. ನಾನು ಅಜ್ಜಿಯನ್ನು ಕರೆತರಲು ಅಜೆಕಾರಿಗೆ ಹೊರಟಿದ್ದೇನೆ. ಬರುವವರೆಗೆ ನಿಶ್ಮಿತಾ ಅಕ್ಕನನ್ನು ಬಿಟ್ಟು ಎಲ್ಲಿಗೂ ಹೋಗಬೇಡ.

ನಿನ್ನ ಮದುವೆಯ ಮದರಂಗಿಗೆಂದು ಡಿಜೆಯವರು ಸ್ಪೀಕರ್ ಬಾಕ್ಸ್ ಇಳಿಸಿದಾಗಿನಿಂದ ನಿಶ್ಮಿತಾ ಗುನುಗುವುದನ್ನು ನಿಲ್ಲಿಸಿದ್ದಾಳೆ. "ಇವತ್ತು ಎಷ್ಟು ಚಂದ ಸುಮ್ಮನೆ ಕೂತಿದ್ದಾಳೆ, ಅಲ್ವಾ?" ಎಂದರು ನಿನ್ನ ದೊಡ್ಡಪ್ಪ. ಅದು ಸಮಾಧಾನವಲ್ಲ ಮಗ, ಹೆದರಿಕೆ. ಹೋದ ದೀಪಾವಳಿಯಲ್ಲೂ ಪಟಾಕಿಗೆ ಮೊದಲು ಹೀಗೆಯೇ ಕೂತಿದ್ದಳು.

ಬಾಕ್ಸ್ ಪರೀಕ್ಷೆ ಮಾಡಲು ಬಿಡಬೇಡ. ನಿನ್ನ ಸ್ನೇಹಿತರು ತಂದ ಪಟಾಕಿಯನ್ನು ಬಕೆಟಿನ ನೀರಿಗೆ ಹಾಕಿದ್ದೇನೆ. ಬೈಯುವುದಾದರೆ ನನ್ನನ್ನು ಬೈಯಲಿ.

"ನೆಂಟರು ಬರುವಾಗ ಅವಳನ್ನು ಕೋಣೆಯಲ್ಲಿಟ್ಟು ಚಿಲಕ ಹಾಕುವ, ಎಂತ ಆಗ್ತದೆ?" ಎಂದು ದೊಡ್ಡಪ್ಪ ಮತ್ತೆ ಹೇಳುತ್ತಾರೆ. ಒಪ್ಪಬೇಡ. ಅವಳಿಗೆ ಆಟಿಸಂ ಉಂಟೆಂದು ಹುಡುಗಿಯ ಮನೆಯವರಿಗೆ ನಾನೇ ಹೇಳಿದ್ದೇನೆ, ಅಡಗಿಸಲು ಏನೂ ಉಳಿದಿಲ್ಲ. ತನಗೂ ಮದರಂಗಿ ಬೇಕೆಂದಿದ್ದಾಳೆ. ನಿನ್ನ ಪಕ್ಕದಲ್ಲೇ ಕೂರಿಸು. ಕೈ ಹಿಡಿದು ಎಳೆಯಬೇಡ, ಒಮ್ಮೆ ಕರೆದು ಕಾಯು.

ಚಪ್ಪಲಿಯನ್ನು ಹಿಂಬಾಗಿಲಿನ ಹತ್ತಿರ ಇಟ್ಟುಕೊಂಡಿದ್ದಾಳೆ. ಅವಳು ಕಾಣದಿದ್ದರೆ ಮನೆಯೊಳಗೆ ಹುಡುಕುತ್ತಾ ನಿಲ್ಲಬೇಡ, ನೇರ ಕಡಲಿಗೆ ಓಡು. ದೀಪಾವಳಿಯಂದು ದೊಡ್ಡಪ್ಪ ಹಾಕಿದ ಚಿಲಕ ಹಾಗೆಯೇ ಇತ್ತು, ಕಿಟಕಿ ಮುರಿದಿತ್ತು. ನಾವು ಹೋಗಿ ಮುಟ್ಟುವಾಗ ನೀರು ಅವಳ ಕುತ್ತಿಗೆಗೆ ಬಂದಿತ್ತು.

ಅಮ್ಮ